ವಿಶ್ವೇಶ್ವರಯ್ಯನವರು ಮತ್ತು ಮೂಸಿಯ ಮಹಾಪೂರ

ಕನ್ನಂಬಾಡಿ ಕಟ್ಟೆಯೆಂದೊಡನೆ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಾಗದ ಕನ್ನಡಿಗನಿಲ್ಲ. ಆದರೆ ಆ ಕಟ್ಟೆಗೂ ಮುನ್ನ ಅವರು ಹೈದರಾಬಾದಿನಲ್ಲಿ ಮಾಡಿದ ಕಾರ್ಯವೊಂದು ಮಲಪ್ರಭೆಯ ಸೀಮೆಯವರಾದ ನಮಗೆ ಇನ್ನೂ ಹತ್ತಿರದ್ದು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮುದ್ದೇನಹಳ್ಳಿಯ ಬಡ ಮನೆಯಲ್ಲಿ ಹುಟ್ಟಿದ ಅವರು ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಓದು ನಡೆಸಿದರು. ಮುಂದೆ ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದರು. ನಮ್ಮ ಧಾರವಾಡ, ವಿಜಾಪುರಗಳ ಕುಡಿಯುವ ನೀರಿನ ಯೋಜನೆಗಳಲ್ಲಿಯೂ ಅವರ ಕೈಯಿತ್ತು. ಖಡಕವಾಸಲಾ ಕೆರೆಗೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಕೂಡಿಸಿದವರು ಅವರೇ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನು ಹೊಕ್ಕಿತು. ಸಾವಿರಾರು ಜನ ಸತ್ತರು. ಸಾವಿರಾರು ಮನೆಗಳು ನೆಲಸಮವಾದವು. ನಿಜಾಮ ಸರಕಾರವು ವಿಶ್ವೇಶ್ವರಯ್ಯನವರನ್ನು ಕರೆಸಿತು. 1909ರಲ್ಲಿ ಅವರು ಬಂದು, ನಗರದ ಗೋಡೆಗಳನ್ನಷ್ಟೇ ನೋಡಿ ತೃಪ್ತರಾಗಲಿಲ್ಲ; ನದಿಯ ಮೇಲುಭಾಗವನ್ನೆಲ್ಲ ಪರೀಕ್ಷಿಸಿದರು, ಮಳೆಯ ಲೆಕ್ಕಗಳನ್ನು ತರಿಸಿದರು. ಆ ಕಣಿವೆಯಲ್ಲಿ 700ಕ್ಕೂ ಹೆಚ್ಚು ಕೆರೆಗಳಿದ್ದು, ಅವುಗಳಲ್ಲಿ 200ಕ್ಕೂ ಹೆಚ್ಚು ಕೆರೆಗಳು ಒಡೆದಿದ್ದವು. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಕೆರೆ ಆ ಭಾರವನ್ನು ತಾಳಲಾರದು. ಹೀಗೆ ಹಳ್ಳಿಯಿಂದ ಹಳ್ಳಿಗೆ ಬೆಳೆದ ನೀರು ಕಡೆಗೆ ನಗರದ ಮೇಲೆ ಬಿದ್ದಿತ್ತು.

ಆದ್ದರಿಂದ ನಗರದ ರಕ್ಷಣೆ ನಗರದಲ್ಲಷ್ಟೇ ಆಗತಕ್ಕದ್ದಲ್ಲವೆಂದು ಅವರು ಕಂಡುಕೊಂಡರು. ಮೂಸಿಗೂ ಅದರ ಉಪನದಿ ಈಸಿಗೂ ಊರಿನ ಮೇಲ್ಗಡೆ ಒಂದೊಂದು ಜಲಾಶಯ, ಊರೊಳಗೆ ಎತ್ತರಿಸಿದ ದಡಗಳು: ಇದು ಅವರ ಸಲಹೆ. ಅದರಂತೆ ಉಸ್ಮಾನ್ ಸಾಗರ 1920ರಲ್ಲಿಯೂ ಹಿಮಾಯತ್ ಸಾಗರ 1927ರಲ್ಲಿಯೂ ಸಿದ್ಧವಾದವು. ಪ್ರವಾಹವನ್ನು ತಡೆಯುವ ಕಟ್ಟೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

1909ರ ಕೊನೆಗೆ ಅವರು ಮೈಸೂರಿಗೆ ಮುಖ್ಯ ಇಂಜಿನಿಯರರಾಗಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಸ್ಥಳೀಯ ಮಂಡಳಿಗಳಲ್ಲಿ ಜನರು ಆರಿಸಿದ ಸದಸ್ಯರನ್ನು ಹೆಚ್ಚಿಸಿ, ಊರಿನ ಹಿತವನ್ನು ಊರವರೇ ಚಿಂತಿಸುವಂತೆ ಮಾಡಿದರು. ಮುಪ್ಪಿನಲ್ಲಿಯೂ ಅವರು ಸುಮ್ಮನೆ ಕೂಡಲಿಲ್ಲ. 1937ರಲ್ಲಿ ಒರಿಸ್ಸಾದ ಪ್ರವಾಹಗಳನ್ನು ಕುರಿತು ವರದಿ ಬರೆದು, ಮಹಾನದಿಯ ಕಣಿವೆಯಲ್ಲಿ ಜಲಾಶಯಗಳಿಗಾಗಿ ಶೋಧನೆ ನಡೆಯಬೇಕೆಂದು ಸೂಚಿಸಿದರು. ಅದೇ ನದಿಗೆ ಕಟ್ಟಿದ ಹಿರಾಕುಡ್ ಅಣೆಕಟ್ಟು 1957ರಲ್ಲಿ ಉದ್ಘಾಟನೆಯಾಯಿತು. 1955ರಲ್ಲಿ ಭಾರತರತ್ನ ಪಡೆದ ಆ ಮಹನೀಯರು 1962ರ ಏಪ್ರಿಲ್ 14ರಂದು, ನೂರು ದಾಟಿದ ವಯಸ್ಸಿನಲ್ಲಿ, ಕಾಲವಾದರು.

ಇನ್ನು ನಮ್ಮ ಮಾತು. ಕುಳಗೇರಿ ಕ್ರಾಸಿನಿಂದ ನರಗುಂದದತ್ತ ಹೋಗುವ ಹೆದ್ದಾರಿ ಗೋವನಕೊಪ್ಪ, ಕೊಣ್ಣೂರುಗಳ ನಡುವೆ ಮಲಪ್ರಭೆಯನ್ನು ದಾಟುತ್ತದೆ. 2009ರಲ್ಲಿ ಉತ್ತರ ಕರ್ನಾಟಕವೆಲ್ಲ ನೆರೆಯಿಂದ ನೊಂದಿತು. 2019ರ ಆಗಸ್ಟಿನಲ್ಲಿ ಮತ್ತೆ ಹೊಳೆ ಬಂದಾಗ ಈ ದಾರಿಯೇ ನಿಂತುಹೋಯಿತು. ಗೋವನಕೊಪ್ಪ ಬಾಗಲಕೋಟೆ ಜಿಲ್ಲೆಗೆ, ಕೊಣ್ಣೂರು ಗದಗ ಜಿಲ್ಲೆಗೆ ಸೇರಿದೆ. ನೀರು ಬಿಡುವ ನವಿಲುತೀರ್ಥದ ಅಣೆಕಟ್ಟು ಬೆಳಗಾವಿ ಜಿಲ್ಲೆಯಲ್ಲಿದೆ. ಹೊಳೆ ಒಂದು, ಜಿಲ್ಲೆ ಮೂರು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಜಿಲ್ಲೆಗೊಂದು ಯೋಜನೆ ಇರಬೇಕೆಂದೂ ಅದನ್ನು ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಮಾಡಬೇಕೆಂದೂ ವಿಧಿಸಿದೆ. ಆದರೆ ಹೊಳೆಗೆ ಜಿಲ್ಲೆಯ ಗಡಿ ತಿಳಿಯದು. ದಂಡೆಯ ಪಂಚಾಯತಿಗಳು ಬೇಸಿಗೆಯಲ್ಲಿಯೇ ಒಂದೆಡೆ ಕೂಡಬೇಕು. ಮೇಲಿನವರು ಕೆಳಗಿನವರಿಗೆ ಯಾವಾಗ ಸುದ್ದಿ ಮುಟ್ಟಿಸಬೇಕು, ಜನ, ದನಗಳು ಯಾವ ದಿಬ್ಬಕ್ಕೆ ಹೋಗಬೇಕು, ಯಾವ ಹಳ್ಳದ ಒತ್ತುವರಿ ತೆರವಾಗಬೇಕು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಇದಕ್ಕೆ ದೊಡ್ಡ ಹಣ ಬೇಡ. ನಾಳೆ ಆ ಪಂಚಾಯತಿಗಳಲ್ಲಿ ಕೂಡಲಿರುವ ನಮ್ಮಂಥ ವಿದ್ಯಾರ್ಥಿಗಳಿಗೆ ಇಡೀ ಹೊಳೆಯನ್ನು ನೋಡುವ ದೃಷ್ಟಿ ಬೇಕು. ವಿಶ್ವೇಶ್ವರಯ್ಯನವರಿಗೆ ಇದ್ದದ್ದು ಅದೇ ದೃಷ್ಟಿ.