ಶೇಷಾದ್ರಿ ಅಯ್ಯರವರೂ ಚಿತ್ರದುರ್ಗದ ಸೀಮೆಯೂ

ಆಡಳಿತಗಾರನ ಯೋಗ್ಯತೆಯನ್ನು ಅಳೆಯಬೇಕಾದರೆ ಅವನು ತಾನಾಗಿ ಮಾಡಿದ ತೀರ್ಮಾನಗಳನ್ನು ಎಣಿಸಿದರೆ ಸಾಲದು. ಯಾವ ತೀರ್ಮಾನಗಳನ್ನು ಇತರರ ವಿವೇಚನೆಗೆ ಬಿಟ್ಟನೆಂಬುದನ್ನೂ ನೋಡಬೇಕು. ಹದಿನೆಂಟು ವರ್ಷಕಾಲ ಮೈಸೂರಿನ ದಿವಾನಗಿರಿಯನ್ನು ನಿರ್ವಹಿಸಿದ ಸರ್ ಕೆ. ಶೇಷಾದ್ರಿ ಅಯ್ಯರವರ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಾಮರ್ಶಿಸುವುದಕ್ಕೆ ಚಿತ್ರದುರ್ಗದ ಸೀಮೆಯು ತಕ್ಕ ನಿದರ್ಶನವಾಗಿದೆ.

ಅಯ್ಯರವರು 1845ನೆಯ ಇಸವಿ ಜೂನ್ 1ರಂದು ಪಾಲ್ಘಾಟಿನಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ರಂಗಾಚಾರ್ಲುರವರ ಪ್ರೋತ್ಸಾಹದಿಂದ ಮೈಸೂರಿನ ಸೇವೆಗೆ ಬಂದರು. ಕೆಳಗಿನ ಹುದ್ದೆಗಳಿಂದ ಕ್ರಮವಾಗಿ ಮೇಲೇರಿ ತುಮಕೂರಿನಲ್ಲಿ ಡೆಪ್ಯುಟಿ ಕಮಿಷನರಾದರು. ಆದುದರಿಂದ ಜಿಲ್ಲೆಯ ಕಚೇರಿಯೆಂದರೇನು, ಅದಕ್ಕೆ ಎಷ್ಟು ಅಧಿಕಾರವಿದ್ದರೆ ಎಷ್ಟು ಕೆಲಸವಾದೀತು ಎಂಬುದು ಅವರಿಗೆ ಸ್ವಾನುಭವದ ವಿಷಯವಾಗಿತ್ತು.

1881ರ ಮಾರ್ಚಿ ತಿಂಗಳಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರವರ ಕೈಗೆ ಹಿಂದಿರುಗಿದಾಗ, 1876–78ರ ಮಹಾಕ್ಷಾಮದಿಂದ ಜನರು ಕಂಗೆಟ್ಟಿದ್ದರು. ಖಜಾನೆಯ ಮೇಲೆ 80 ಲಕ್ಷ ರೂಪಾಯಿಗಳ ಸಾಲವಿತ್ತು. ದಿವಾನ್ ರಂಗಾಚಾರ್ಲುರವರು ಮಿತವ್ಯಯಕ್ಕಾಗಿ ಎಂಟು ಜಿಲ್ಲೆಗಳನ್ನು ಆರಕ್ಕೆ ಇಳಿಸಿದರು. 1882ರಲ್ಲಿ ಹಾಸನದೊಡನೆ ಚಿತ್ರದುರ್ಗವೂ ಜಿಲ್ಲೆಯ ಪದವಿಯನ್ನು ಕಳೆದುಕೊಂಡು ಉಪವಿಭಾಗವಾಯಿತು. ಮರುವರ್ಷ ರಂಗಾಚಾರ್ಲುರವರು ಕಾಲವಾದರು. ಇನ್ನೂ ಮೂವತ್ತೆಂಟು ತುಂಬದ ಅಯ್ಯರವರು ಆ ಪೀಠವನ್ನು ಏರಿದರು. 1886ರಲ್ಲಿ ಚಿತ್ರದುರ್ಗವು ಮತ್ತೆ ಜಿಲ್ಲೆಯಾಯಿತು.

ಇದು ಬರಿಯ ಹೆಸರಿನ ಬದಲಾವಣೆಯಲ್ಲ. ಹೊಳಲ್ಕೆರೆಯ ಸೀಮೆಯಲ್ಲಿ ಒಂದು ಕೆರೆಯ ಏರಿ ಬಿರುಕುಬಿಟ್ಟಿತೆನ್ನೋಣ, ಮಳೆಗಾಲ ಹತ್ತಿರವಾಗಿದೆ. ಅಮಲ್ದಾರನ ಕಾಗದವು ನೆರೆಯ ಜಿಲ್ಲೆಯ ಕಚೇರಿಗೆ ಹೋಗಿ ಅಪ್ಪಣೆಯಾಗಿ ಬರುವಷ್ಟರಲ್ಲಿ ನೀರು ಕಾಯುವುದಿಲ್ಲ. ಬೆಳೆ ಒಣಗಿದ ಗ್ರಾಮಕ್ಕೆ ಕಂದಾಯದ ವಾಯಿದೆ ಕೊಡಬೇಕೆ ಬೇಡವೆ ಎಂಬುದನ್ನು ಹೊಲವನ್ನು ಕಂಡವನು ಹೇಳುವಷ್ಟು ಚೆನ್ನಾಗಿ ಕಡತವನ್ನು ಮಾತ್ರ ಕಂಡವನು ಹೇಳಲಾರನು. ಅಧಿಕಾರವು ಕಷ್ಟದ ಸ್ಥಳಕ್ಕೆ ಸಮೀಪವಾದಷ್ಟೂ ತೀರ್ಮಾನವು ಶೀಘ್ರವೂ ಸಮಂಜಸವೂ ಆಗುವುದು.

ಆದರೆ ಎಲ್ಲವನ್ನೂ ಕೆಳಗೆ ಬಿಡುವುದಕ್ಕಾಗದು. ಮಾರಿಕಣಿವೆಯಲ್ಲಿ ವೇದಾವತಿಯನ್ನು ತಡೆದರೆ ಹೊಸದುರ್ಗದ ಕಡೆಯ ಭೂಮಿ ಮುಳುಗುವುದು, ಹಿರಿಯೂರಿನ ಭೂಮಿ ನೆನೆಯುವುದು. ಒಂದು ತಾಲ್ಲೂಕಿನ ಲಾಭವು ಮತ್ತೊಂದರ ನಷ್ಟವಾಗುವಲ್ಲಿ ತಾಲ್ಲೂಕಿನ ಅಧಿಕಾರಿಯು ಹೇಗೆ ನಿರ್ಣಯಿಸಿಯಾನು? ಎರಡನ್ನೂ ಸಮದೃಷ್ಟಿಯಿಂದ ನೋಡಬಲ್ಲ ಹುಜೂರೇ ಅದನ್ನು ನಿಶ್ಚಯಿಸಬೇಕು. ಅಯ್ಯರವರ ಸರ್ಕಾರವು ಹಾಗೆಯೇ ಮಾಡಿತು. 1898ರಲ್ಲಿ ಆರಂಭವಾದ ಕಟ್ಟೆಯು 1907ರಲ್ಲಿ ಮುಗಿಯಿತು. ನದಿಯ ತಳದಿಂದ 142 ಅಡಿ ಎತ್ತರ, 1,330 ಅಡಿ ಉದ್ದ. ರೀಜೆಂಟರಾಗಿದ್ದ ಮಹಾರಾಣಿಯವರ ಗೌರವಾರ್ಥವಾಗಿ ಅದು ವಾಣೀವಿಲಾಸ ಸಾಗರವೆನಿಸಿತು. 2022ರಲ್ಲಿ ಅದು ತುಂಬಿ ಕೋಡಿ ಹರಿದಾಗ ಈ ಸೀಮೆಯ ಜನರು ಪಟ್ಟ ಸಂಭ್ರಮವನ್ನು ವಾಚಕರು ಮರೆತಿರಲಾರರು.

ತಜ್ಞರ ಕೆಲಸವನ್ನು ತಜ್ಞರಿಗೇ ವಹಿಸುವ ಧೈರ್ಯವೂ ಅಯ್ಯರವರಲ್ಲಿತ್ತು. ಪ್ಲೇಗು ಬಂದಾಗ ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರಾಗಿ ನೇಮಿಸಿದರು. ಶಿವನಸಮುದ್ರದ ವಿದ್ಯುತ್ತಿನ ಯೋಜನೆಯನ್ನು ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ರವರಿಗೆ ಒಪ್ಪಿಸಿ, ಅವರನ್ನು ವಿದೇಶಗಳಿಗೆ ಕಳುಹಿಸಿ ವಿಚಾರಿಸಿದರು. ಯಂತ್ರದ ವಿಚಾರವು ಇಂಜಿನಿಯರದು, ಹಣದ ಹೊಣೆಯು ದಿವಾನರದು. ಈ ಎಲ್ಲೆಯು ಸ್ಪಷ್ಟವಾಗಿತ್ತು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚುವುದು ನ್ಯಾಯವಲ್ಲ. ಜಿಲ್ಲೆಗೂ ತಜ್ಞರಿಗೂ ಅಧಿಕಾರವನ್ನು ಹಂಚಿದ ಈ ಮಹನೀಯರು ರಾಜಧಾನಿಯಲ್ಲಿ ಅದನ್ನು ಬಹುಮಟ್ಟಿಗೆ ತಮ್ಮಲ್ಲಿಯೇ ಇಟ್ಟುಕೊಂಡರೆಂದು ಅಂದಿನ ಟೀಕಾಕಾರರು ಆಕ್ಷೇಪಿಸುತ್ತಿದ್ದರು. ಹೊರಗಿನವರಿಗೆ ಹೆಚ್ಚು ಹುದ್ದೆಗಳನ್ನು ಕೊಟ್ಟರೆಂಬ ಅಸಮಾಧಾನವೂ ನಾಡಿನಲ್ಲಿತ್ತು. 1891ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಚುನಾವಣೆಯ ಕ್ರಮ ಬಂದಿತಾದರೂ, ಆ ಸಭೆಗೆ ಅಹವಾಲನ್ನು ಹೇಳಿಕೊಳ್ಳುವ ಹಕ್ಕಿತ್ತೇ ಹೊರತು ತೀರ್ಮಾನಿಸುವ ಹಕ್ಕಿರಲಿಲ್ಲ. ಎಲ್ಲ ಭಾರವನ್ನೂ ಒಬ್ಬರೇ ಹೊತ್ತರೆ ದೇಹವೂ ತಾಳದು. 1901ರಲ್ಲಿ ನಿವೃತ್ತರಾದ ಅಯ್ಯರವರು ಅದೇ ವರ್ಷ ಸೆಪ್ಟೆಂಬರ್ 13ರಂದು ದಿವಂಗತರಾದರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿದುದು 1902ರಲ್ಲಿ. ಅದನ್ನಾಗಲಿ, ಮಾರಿಕಣಿವೆಯ ಪೂರ್ಣ ಕಟ್ಟೆಯನ್ನಾಗಲಿ ಅವರು ಕಣ್ಣಾರೆ ಕಾಣಲಿಲ್ಲ.

ಆದರೂ ಆ ಕಾರ್ಯಗಳು ನಿಲ್ಲಲಿಲ್ಲ. ಕಾರಣವೇನೆಂದರೆ, ಅವು ಆ ವೇಳೆಗಾಗಲೇ ಸಮರ್ಥರ ಕೈ ಸೇರಿದ್ದುವು. ಫಲಾಫಲಗಳು ಒಂದು ಸ್ಥಳದೊಳಗೇ ಮುಗಿಯುವ ವಿಷಯವನ್ನು ಆ ಸ್ಥಳದವರಿಗೆ ಬಿಡಬೇಕು. ಎಲ್ಲೆ ಮೀರುವುದನ್ನು ಮೇಲಿನವರು ನೋಡಬೇಕು. ಬಿಟ್ಟುಕೊಟ್ಟುದಕ್ಕೂ ಹೊಣೆ ತಮ್ಮದೇ ಎಂದು ತಿಳಿದಿರಬೇಕು. ಪ್ರತಿ ಕಾಗದಕ್ಕೂ ತಮ್ಮ ರುಜುವೇ ಬೇಕೆನ್ನುವ ಮೇಲಧಿಕಾರಿಗಳೂ, ಪ್ರತಿ ಕಾಗದವನ್ನೂ ಮೇಲಕ್ಕೆ ಸಾಗಿಸಿ ನಿಶ್ಚಿಂತರಾಗುವ ಕೆಳಗಿನವರೂ ಅಯ್ಯರವರ ಜೀವನದ ಎರಡು ಮುಖಗಳನ್ನೂ ಮನನ ಮಾಡುವುದು ಲೇಸು.