ಗಣಿಯ ಗಾಳಿ ಬಗ್ಗೆ ಬರೆದ ಡಾಕ್ಟ್ರು

ಜಾರ್ಜಿಯಸ್ ಆಗ್ರಿಕೋಲಾ. ಜಿಯಾಲಜಿ ಓದಿದವರಿಗೆ ಈ ಹೆಸರು ಗೊತ್ತಿರುತ್ತೆ, ಖನಿಜ ವಿಜ್ಞಾನದ ಪಿತಾಮಹ ಅಂತಲೇ ಅವರನ್ನ ಕರೆಯೋದು. ನಮ್ಮಂಥ ಬೇರೆ ಬ್ರಾಂಚಿನವರಿಗೆ ಮಾತ್ರ ಹೊಸ ಹೆಸರು. ಅವರು ಹುಟ್ಟಿದ್ದು 1494ರಲ್ಲಿ, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಗ್ಲೌಖೌ ಎಂಬ ಊರಿನಲ್ಲಿ. ನಿಜವಾದ ಹೆಸರು ಗೆಯೋರ್ಗ್ ಬೌವರ್. ಜರ್ಮನ್ ಭಾಷೆಯಲ್ಲಿ ಬೌವರ್ ಅಂದ್ರೆ ರೈತ. ಆ ಕಾಲದ ಪಂಡಿತರು ಹೆಸರನ್ನ ಲ್ಯಾಟಿನ್‌ಗೆ ಬದಲಾಯಿಸಿಕೊಳ್ತಿದ್ರು, ಇವರೂ ಹಾಗೇ ಆಗ್ರಿಕೋಲಾ ಆದರು. ಅರ್ಥ ಅದೇ, ರೈತ. ಆದರೆ ಇವರು ಹೆಸರು ಮಾಡಿದ್ದು ನೆಲದ ಮೇಲಿನ ಬೆಳೆಯಿಂದಲ್ಲ, ನೆಲದೊಳಗಿನ ಅದಿರಿನಿಂದ.

ಲೈಪ್ಜಿಗ್‌ನಲ್ಲಿ ಓದಿ, ಸ್ವಲ್ಪ ಕಾಲ ಗ್ರೀಕ್ ಪಾಠ ಹೇಳಿ, ಆಮೇಲೆ ಮೆಡಿಸಿನ್ ಓದೋಕೆ ಇಟಲಿಗೆ ಹೋದರು. ಅಲ್ಲಿ ವೆನಿಸ್‌ನಲ್ಲಿ ಗೇಲೆನ್‌ನ ವೈದ್ಯ ಗ್ರಂಥಗಳನ್ನ ಅಚ್ಚು ಹಾಕೋ ಕೆಲಸದಲ್ಲೂ ಕೈಜೋಡಿಸಿದ್ರು. 1527ರಲ್ಲಿ ಯೋಆಖಿಮ್ಸ್‌ಥಾಲ್ ಎಂಬ ಊರಿಗೆ ಡಾಕ್ಟರ್ ಆಗಿ ಬಂದರು. ಈಗ ಅದು ಚೆಕ್ ದೇಶದಲ್ಲಿದೆ, ಹೆಸರು ಯಾಖಿಮೋವ್. ಬೆಳ್ಳಿ ಸಿಕ್ಕಿದ್ದರಿಂದಲೇ ಹುಟ್ಟಿ ದಿಢೀರ್ ಅಂತ ಬೆಳೆದ ಊರು. ಅಲ್ಲಿ ಟಂಕಿಸಿದ ಬೆಳ್ಳಿ ನಾಣ್ಯಕ್ಕೆ ಥಾಲರ್ ಅಂತಿದ್ರು. ಇವತ್ತಿನ ಡಾಲರ್ ಎಂಬ ಪದ ಬಂದಿದ್ದು ಅಲ್ಲಿಂದಲೇ!

ಬೆಳ್ಳಿ ಊರಿನ ಡಾಕ್ಟರ್ ಹತ್ರ ಬರೋ ಪೇಷಂಟ್‌ಗಳು ಯಾರು? ಗಣಿ ಕೆಲಸದವರು. ಅವರಿಗೆ ಔಷಧಿ ಕೊಟ್ಟು ಕಳಿಸಿಬಿಟ್ಟಿದ್ರೆ ನಾವು ಇವತ್ತು ಇವರ ಬಗ್ಗೆ ಬರೀತಿರಲಿಲ್ಲ. ಬಿಡುವಾದಾಗೆಲ್ಲ ಗಣಿಗೆ ಹೋಗಿ, ಅದಿರು ಹೇಗೆ ತೆಗೀತಾರೆ, ನೀರು ಹೇಗೆ ಎತ್ತುತಾರೆ, ಲೋಹ ಹೇಗೆ ಕರಗಿಸ್ತಾರೆ ಅಂತ ನೋಡಿ, ಕೇಳಿ ತಿಳ್ಕೊಂಡ್ರು. ಆಮೇಲೆ ಕೆಮ್ನಿಟ್ಸ್ ಪಟ್ಟಣಕ್ಕೆ ಹೋಗಿ ನೆಲೆಸಿದರು, ಅಲ್ಲಿ ಮೇಯರ್ ಕೂಡ ಆದರು. ಈ ಎಲ್ಲದರ ನಡುವೆ ವರ್ಷಗಟ್ಟಲೆ ಕೂತು ಬರೆದ ಪುಸ್ತಕವೇ ಡೆ ರೆ ಮೆಟಾಲಿಕಾ. (ರಾಕ್ ಬ್ಯಾಂಡಿಗೂ ಇದಕ್ಕೂ ಸಂಬಂಧ ಇಲ್ಲ.) ಲೋಹಗಳ ವಿಚಾರ ಅಂತ ಅರ್ಥ. ಒಟ್ಟು ಹನ್ನೆರಡು ಭಾಗ, ಮರದ ಅಚ್ಚಿನಲ್ಲಿ ಮಾಡಿದ ನೂರಾರು ಚಿತ್ರ. ನಮ್ಮ ಇಂಜಿನಿಯರಿಂಗ್ ಡ್ರಾಯಿಂಗ್ ಶೀಟ್‌ಗಳಿಗಿಂತ ಅವು ಸುಲಭವಾಗಿ ಅರ್ಥ ಆಗುತ್ವೆ ಅಂತ ಹೇಳಲೇಬೇಕು.

ನಮಗೆ ಮುಖ್ಯ ಅನ್ನಿಸಿದ್ದು ಆರನೇ ಭಾಗ. ಆಳದಲ್ಲಿ ನಿಂತ ಗಾಳಿ ಕೆಲಸಗಾರರನ್ನ ಕೊಲ್ಲುತ್ತೆ ಅನ್ನೋದು ಅವರಿಗೆ ಗೊತ್ತಿತ್ತು. ಅದಕ್ಕೇ ಗಾಳಿ ಆಡಿಸೋ ಯಂತ್ರಗಳನ್ನ ಒಂದೊಂದಾಗಿ ವಿವರಿಸ್ತಾರೆ. ಬಾವಿಯಂಥ ಗುಂಡಿಯ ಬಾಯಲ್ಲಿ ಕೂರಿಸಿದ ಪೀಪಾಯಿ ಒಂದು. ಅದಕ್ಕೊಂದು ರೆಕ್ಕೆ ಇರುತ್ತೆ, ಗಾಳಿ ಯಾವ ಕಡೆಯಿಂದ ಬೀಸಿದ್ರೂ ಪೀಪಾಯಿಯ ಬಾಯಿ ಆ ಕಡೆಗೇ ತಿರುಗುತ್ತೆ. ಮೋಟಾರ್ ಇಲ್ಲ, ಸೆನ್ಸರ್ ಇಲ್ಲ. ಕೈಯಲ್ಲಿ ತಿರುಗಿಸೋ ಫ್ಯಾನು, ಕುದುರೆಯಿಂದ ನಡೆಸೋ ದೊಡ್ಡ ತಿದಿ, ಇವೂ ಇವೆ. ಅದೇ ಭಾಗದ ಕೊನೆಯಲ್ಲಿ ಗಣಿಯವರ ಶ್ವಾಸಕೋಶದ ಕಾಯಿಲೆ ಬರುತ್ತೆ. ಕಾರ್ಪೇಥಿಯನ್ ಬೆಟ್ಟದ ಗಣಿಗಳ ಕಡೆ ಒಬ್ಬೊಬ್ಬ ಹೆಂಗಸು ಏಳು ಜನ ಗಂಡಂದಿರನ್ನ ಕಳ್ಕೊಂಡಿದ್ದಿದೆ ಅಂತ ಅವರು ದಾಖಲಿಸಿದ್ದಾರೆ. ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗ್ತಾರೆ, ಓದೋ ನಮಗೆ ಮುಂದೆ ಹೋಗೋಕೆ ಆಗಲ್ಲ. ಕಾರಣ ಧೂಳು ಅಂತ ಅವರ ಲೆಕ್ಕ. ಗಣಿಯಲ್ಲಿ ಭೂತಗಳೂ ಇವೆ ಅಂತ ಅದೇ ಪುಸ್ತಕದಲ್ಲಿ ಬರೆದಿದ್ದಾರೆ, ಅದು ಆ ಕಾಲ.

ಪುಸ್ತಕ ಅಚ್ಚಾಗಿ ಬಂದಿದ್ದನ್ನ ಅವರು ನೋಡಲಿಲ್ಲ. 1555ರ ನವೆಂಬರ್‌ನಲ್ಲಿ ತೀರಿಕೊಂಡ್ರು, ಪುಸ್ತಕ ಬಂದಿದ್ದು 1556ರಲ್ಲಿ. ಕೆಮ್ನಿಟ್ಸ್ ಅಷ್ಟರಲ್ಲಿ ಪ್ರಾಟೆಸ್ಟೆಂಟ್ ಊರಾಗಿತ್ತು, ಇವರು ಕೊನೆವರೆಗೂ ಕ್ಯಾಥೊಲಿಕ್. ಹಾಗಾಗಿ ತಾವೇ ಮೇಯರ್ ಆಗಿದ್ದ ಊರಲ್ಲಿ ಅವರಿಗೆ ಸಮಾಧಿಗೂ ಜಾಗ ಸಿಗಲಿಲ್ಲ, ಜೈಟ್ಸ್ ಎಂಬ ಬೇರೆ ಊರಿಗೆ ಒಯ್ಯಬೇಕಾಯ್ತು. ಪುಸ್ತಕವನ್ನ ಇಂಗ್ಲಿಷಿಗೆ ತಂದವರು ಮೈನಿಂಗ್ ಇಂಜಿನಿಯರ್ ಹರ್ಬರ್ಟ್ ಹೂವರ್ ಮತ್ತು ಅವರ ಹೆಂಡತಿ ಲೂ, 1912ರಲ್ಲಿ. ಈ ಹೂವರ್ರೇ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಧೂಳಿನದ್ದೂ ತಪ್ಪಿತ್ತು, ಆದರೆ ಧೂಳೊಂದೇ ಅಲ್ಲ. 1879ರಲ್ಲಿ ಹಾರ್ಟಿಂಗ್, ಹೆಸ್ಸೆ ಎಂಬ ಇಬ್ಬರು ಡಾಕ್ಟರುಗಳು, ಯೋಆಖಿಮ್ಸ್‌ಥಾಲ್ ಇರೋ ಬೆಟ್ಟಸಾಲಿನ ಷ್ನೇಬರ್ಗ್ ಗಣಿಯವರ ಕಾಯಿಲೆ ಶ್ವಾಸಕೋಶದ ಕ್ಯಾನ್ಸರ್ ಅಂತ ತೋರಿಸಿದ್ರು. ಮೇರಿ ಕ್ಯೂರಿ ರೇಡಿಯಂ ಬೇರ್ಪಡಿಸಿದ್ದು ಯೋಆಖಿಮ್ಸ್‌ಥಾಲ್‌ನ ಅದಿರಿನ ಕಸದಿಂದ. ರೇಡಿಯಂನಿಂದ ಒಂದು ಅನಿಲ ಹೊರಡುತ್ತೆ ಅಂತ 1900ರಲ್ಲಿ ಡೋರ್ನ್ ಕಂಡುಹಿಡಿದರು. ಅದೇ ರೇಡಾನ್. ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಲ್ಲಿ ಒಳಗೆ ಹೋದ ರೇಡಾನ್ ಬಹುಪಾಲು ಹೊರಗೇ ಬರುತ್ತೆ. ಅದು ಒಡೆದಾಗ ಹುಟ್ಟೋ ಪೊಲೋನಿಯಂ ಘನವಸ್ತು, ಅದು ಶ್ವಾಸಕೋಶಕ್ಕೆ ಅಂಟಿಕೊಂಡು ಆಲ್ಫಾ ಕಣ ಬಿಡುತ್ತೆ.

ಈ ಅನಿಲ ಗಣಿಯಲ್ಲಿ ಮಾತ್ರ ಇರಲ್ಲ. ಮಣ್ಣಲ್ಲಿ, ಕಲ್ಲಲ್ಲಿ ಸ್ವಲ್ಪ ಯುರೇನಿಯಂ ಎಲ್ಲೆಡೆ ಇರೋದ್ರಿಂದ ಮನೆಯ ಅಡಿಪಾಯದ ಬಿರುಕಿನಿಂದ ಒಳಗೆ ನುಗ್ಗುತ್ತೆ. ಚಳಿ ದೇಶದಲ್ಲಿ ಕಿಟಕಿ ಮುಚ್ಚಿ ಮನೆ ಬೆಚ್ಚಗಿಟ್ಟಾಗ ಬಿಸಿ ಗಾಳಿ ಮೇಲೇರಿ ಹೋಗುತ್ತೆ, ನೆಲದ ಗಾಳಿಯನ್ನ ಮನೆಯೇ ಹೀರಿಕೊಳ್ಳುತ್ತೆ. ಟೆಸ್ಟ್ ಮಾಡೋದು ಸುಲಭ: ಆಲ್ಫಾ ಕಣ ಬಿದ್ದ ಕಡೆ ಗೀರು ಉಳಿಯೋ ಪ್ಲಾಸ್ಟಿಕ್ ತುಂಡಿರೋ ಚಿಕ್ಕ ಡಬ್ಬಿಯನ್ನ ಕೆಲವು ತಿಂಗಳು ಮನೆಯ ಕೆಳಗಿನ ಅಂತಸ್ತಲ್ಲಿ ಇಟ್ಟು, ಲ್ಯಾಬಿಗೆ ಕಳಿಸಿದ್ರೆ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಮಿತಿ ಒಂದು ಘನ ಮೀಟರ್ ಗಾಳಿಗೆ 100 ಬೆಕೆರೆಲ್, ಅಂದ್ರೆ ಸೆಕೆಂಡಿಗೆ ನೂರು ಪರಮಾಣು ಒಡೆಯೋದು. ಜಾಸ್ತಿ ಬಂದ್ರೆ ಬಿರುಕು ಮುಚ್ಚಿ, ನೆಲದ ಕಾಂಕ್ರೀಟಿನಲ್ಲಿ ತೂತು ಕೊರೆದು ಪೈಪ್ ಇಳಿಸಿ, ಫ್ಯಾನ್ ಹಾಕಿ ಆ ಗಾಳಿಯನ್ನ ಮೇಲಕ್ಕೆ ಎಳೆದು ಛಾವಣಿ ಮೇಲೆ ಬಿಡ್ತಾರೆ. ಆರನೇ ಭಾಗದ ಚಿತ್ರ ನೋಡಿದವರಿಗೆ ಈ ಪೈಪು, ಫ್ಯಾನು ಹೊಸದು ಅನ್ನಿಸಲ್ಲ.

ಷ್ನೇಬರ್ಗ್‌ನಲ್ಲಿ ಹಳೇ ಸುರಂಗಗಳು ಇನ್ನೂ ಮನೆಗಳ ಕೆಳಗೇ ಇವೆ, ಅಲ್ಲಿನ ಗಾಳಿ ಮನೆಯೊಳಗೆ ಏರುತ್ತೆ. ರೇಡಾನ್ ಹೆಚ್ಚಿರೋ ಪ್ರದೇಶ ಅಂತ ಸ್ಯಾಕ್ಸನಿ ಗುರುತಿಸಿರೋ ಜಾಗಗಳಲ್ಲಿ ಬೇಸ್‌ಮೆಂಟ್ ಅಥವಾ ಗ್ರೌಂಡ್ ಫ್ಲೋರಿನಲ್ಲಿ ಆಫೀಸು, ಅಂಗಡಿ ಇಟ್ಟವರು ಈಗ ಕಾನೂನಿನ ಪ್ರಕಾರ 12 ತಿಂಗಳು ಅಳತೆ ಮಾಡಿಸಬೇಕು. 300 ಬೆಕೆರೆಲ್ ದಾಟಿದ್ರೆ ಕಡಿಮೆ ಮಾಡೋ ವ್ಯವಸ್ಥೆ ಮಾಡಬೇಕು, ಮಾಡಿದ ಮೇಲೆ ಮತ್ತೆ ಅಳೆಯಬೇಕು.