ನೆಲ ತಾಳದ ಬಂಡಿ

ತೇರನ್ನೆಳೆಯುವ ದಿನ ಜಾತ್ರೆಗೆ ನೆರೆದವರೆಲ್ಲರ ಕಣ್ಣು ಕಳಸದ ಮೇಲಿರುತ್ತದೆ. ಗಾಲಿಗೆ ಸನ್ನೆ ಕೊಡುವವನ ಕಣ್ಣು ಮಾತ್ರ ನೆಲದ ಮೇಲಿರುತ್ತದೆ. ಕಕ್ಕೇರಾದಿಂದ ಸುರಪುರ, ಶಹಾಪುರಗಳವರೆಗಿನ ಸೀಮೆಯ ಎರೆಹೊಲಗಳನ್ನು ಬಲ್ಲವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಬಿರಿದು ಕಲ್ಲಿನಂತಾಗುವ ಆ ಕರಿಯ ನೆಲವು ಒಂದು ಮಳೆ ಬಿದ್ದೊಡನೆ ಉಬ್ಬಿ, ಮೆತ್ತಗಾಗಿ, ಬಂಡಿಯ ಗಾಲಿಯನ್ನು ನುಂಗತೊಡಗುತ್ತದೆ. ಭಾರವಾದುದೊಂದನ್ನು ದೂರದಿಂದ ತಂದು ಹತ್ತು ಜನರ ಮುಂದೆ ನಡೆಸಿ ತೋರಿಸಹೊರಟವನಿಗೆ ಯಂತ್ರಕ್ಕಿಂತ ಮೊದಲು ನೆಲವೇ ಎದುರು ನಿಲ್ಲುತ್ತದೆ. ಈ ಮಾತಿಗೆ ಒಬ್ಬ ಮಹಾಶಿಲ್ಪಿಯ ಬಾಳೇ ನಿದರ್ಶನವಾಗಿದೆ. ಹಳಿಯ ಮೇಲೆ ಉಗಿಬಂಡಿಯನ್ನು ಮೊತ್ತಮೊದಲು ಓಡಿಸಿ ತೋರಿಸಿದ ರಿಚರ್ಡ್ ಟ್ರೆವಿಥಿಕ್‌ನೇ ಆತನು.

ಶಾಲೆಯ ಪುಸ್ತಕಗಳಲ್ಲಿ ರೈಲಿನ ಜನಕನೆಂದು ಜಾರ್ಜ್ ಸ್ಟೀಫನ್‌ಸನ್ನನ ಹೆಸರು ಬರುತ್ತದೆ. ಆ ಕೀರ್ತಿಯಲ್ಲಿ ದೊಡ್ಡ ಪಾಲು ಅವನಿಗೆ ಸಲ್ಲತಕ್ಕದ್ದೇ. ಆದರೆ ಸ್ಟೀಫನ್‌ಸನ್ನನು ತನ್ನ ಮೊದಲ ಎಂಜಿನನ್ನು ಕಟ್ಟುವುದಕ್ಕೆ ಹತ್ತು ವರ್ಷ ಮುಂಚೆಯೇ ಟ್ರೆವಿಥಿಕ್‌ನ ಬಂಡಿಯು ಹಳಿಯ ಮೇಲೆ ಹೊರೆಯನ್ನೆಳೆದಿತ್ತು. ಮುಂಬಯಿಯ ಕಡೆಯಿಂದ ಯಾದಗಿರಿಯ ಮೇಲೆ ಬಂದ ರೈಲುಮಾರ್ಗವೂ ಮದರಾಸಿನ ಕಡೆಯಿಂದ ಬಂದ ಮಾರ್ಗವೂ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಆ ಹೊತ್ತಿಗೆ ಟ್ರೆವಿಥಿಕ್‌ನ ಓಟ ನಡೆದು 67 ವರ್ಷಗಳಾಗಿದ್ದುವು.

ಆತನು ಹುಟ್ಟಿದುದು 1771ರ ಏಪ್ರಿಲ್ 13ರಂದು, ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತದಲ್ಲಿ. ಅದು ತವರ, ತಾಮ್ರಗಳ ಗಣಿಗಳ ನಾಡು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಬಂದಿಳಿದ ಬಿಳಿಯ ಗಣಿಗಾರರಲ್ಲಿ ಅನೇಕರು ಇದೇ ನಾಡಿನವರು. ತಂದೆಯು ಗಣಿಯೊಂದರ ಮೇಲ್ವಿಚಾರಕ. ಮಗನಿಗೆ ಪಾಠಶಾಲೆ ಒಗ್ಗಲಿಲ್ಲ. ಆದರೆ ಲೆಕ್ಕಗಳನ್ನು ತನ್ನದೇ ದಾರಿಯಿಂದ ಬಿಡಿಸಿ ಸರಿಯಾದ ಉತ್ತರಕ್ಕೆ ಬರುವುದು ಆತನಿಗೆ ಬಾಲ್ಯದಿಂದಲೂ ಸಾಧಿಸಿತ್ತು. ಆರಡಿ ಎರಡಂಗುಲದ ಆಳು. ಕುಸ್ತಿಯಲ್ಲಿ ಆ ಪ್ರಾಂತಕ್ಕೇ ಹೆಸರಾದವನು.

ಗಣಿಯ ಒಳಗೆ ನೀರು ಒಸರುತ್ತಲೇ ಇರುತ್ತದೆ. ಅದನ್ನು ಎತ್ತಿ ಹಾಕದಿದ್ದರೆ ಕೆಲಸ ನಿಲ್ಲುತ್ತದೆ. ನೀರೆತ್ತುವ ಉಗಿಯಂತ್ರಗಳಿಗೆ ಬೇಕಾದ ಕಲ್ಲಿದ್ದಲು ಕಾರ್ನ್‌ವಾಲಿನಲ್ಲಿ ದೊರೆಯದೆ, ಸಮುದ್ರದ ಆಚೆಯ ವೇಲ್ಸಿನಿಂದ ಬರಬೇಕಾಗಿತ್ತು. ಅಂದಿನ ಪ್ರಸಿದ್ಧ ಯಂತ್ರವು ಜೇಮ್ಸ್ ವಾಟ್‌ನದು. ಅದು ಕಡಮೆ ಒತ್ತಡದ ಉಗಿಯನ್ನು ಬಳಸಿ, ಅದನ್ನು ತಂಪುಗೊಳಿಸಿ ನೀರಾಗಿಸಿ, ಆಗ ಉಂಟಾಗುವ ನಿರ್ವಾತದ ಬಲದಿಂದ ನಡೆಯುತ್ತಿತ್ತು. ಯಂತ್ರವೊಂದು ಮನೆಯಷ್ಟು ದೊಡ್ಡದು. ಅದನ್ನು ನೆಟ್ಟಲ್ಲಿಂದ ಕದಲಿಸುವಂತಿಲ್ಲ. ಟ್ರೆವಿಥಿಕ್‌ನು ಬೇರೊಂದು ದಾರಿಯನ್ನು ಯೋಚಿಸಿದನು. ಗಟ್ಟಿಯಾದ ಬಾಯ್ಲರಿನಲ್ಲಿ ಹೆಚ್ಚಿನ ಒತ್ತಡದ ಉಗಿಯನ್ನು ಹುಟ್ಟಿಸಿ, ಕೆಲಸ ಮುಗಿದ ಮೇಲೆ ಅದನ್ನು ನೇರವಾಗಿ ಗಾಳಿಗೆ ಬಿಟ್ಟರೆ ನಷ್ಟವೆಷ್ಟು ಎಂದು ವಿದ್ವಾಂಸನಾದ ತನ್ನ ಸ್ನೇಹಿತ ಡೇವಿಸ್ ಗಿಲ್ಬರ್ಟ್‌ನನ್ನು ಕೇಳಿದನು. ಒಂದು ವಾಯುಮಂಡಲದ ಒತ್ತಡದಷ್ಟೇ ನಷ್ಟವೆಂದು ಗಿಲ್ಬರ್ಟ್‌ನು ತಿಳಿಸಿದಾಗ ಆತನ ಹರ್ಷಕ್ಕೆ ಪಾರವಿರಲಿಲ್ಲ. ಉಗಿಯನ್ನು ತಣಿಸುವ ತೊಟ್ಟಿಯ ಹೊರೆ ಇಳಿಯಿತೆಂದರೆ ಯಂತ್ರವು ಹಗುರವಾಯಿತು. ಹಗುರವಾಯಿತೆಂದರೆ ಗಾಲಿಯ ಮೇಲೆ ಏರಬಲ್ಲದಾಯಿತು.

1797ರಲ್ಲಿ ಟ್ರೆವಿಥಿಕ್‌ನು ಹೇಲ್ ಊರಿನ ಎರಕದ ಕಾರ್ಖಾನೆಯ ಒಡೆಯರ ಮಗಳಾದ ಜೇನ್ ಹಾರ್ವಿಯನ್ನು ಮದುವೆಯಾದನು. ಸುಮಾರಾಗಿ ಅದೇ ಕಾಲಕ್ಕೆ ಕ್ಯಾಂಬೋರ್ನ್ ಊರಿನ ಮನೆಯಲ್ಲಿ ಆತನು ಚಿಕ್ಕ ಚಿಕ್ಕ ಮಾದರಿ ಬಂಡಿಗಳನ್ನು ಮಾಡಿ ನಡೆಸಿದನು. ಮೇಜಿನ ಮೇಲೆ ಓಡಾಡುವ ಗಾತ್ರದ ಬಂಡಿ. ಅದರ ಪುಟ್ಟ ಬಾಯ್ಲರಿಗೆ ಬೆಂಕಿಯ ಬದಲು ಕೆಂಪಗೆ ಕಾಯಿಸಿದ ಕಬ್ಬಿಣದ ತುಂಡನ್ನು ಇಡುತ್ತಿದ್ದರು. ಊರಿನ ಶ್ರೀಮಂತರೂ ಸ್ನೇಹಿತರೂ ಬಂದು ಈ ಆಟವನ್ನು ನೋಡಿ ಬೆರಗಾದರು. ಮೇಜು ಸಮತಟ್ಟಾಗಿತ್ತು, ಬಂಡಿ ಹಗುರವಾಗಿತ್ತು; ಪ್ರಯೋಗವು ಯಾವ ಅಡಚಣೆಯೂ ಇಲ್ಲದೆ ನೆರವೇರಿತು. ಮುಂದಿನ ಕಷ್ಟಗಳೆಲ್ಲ ಆತನು ಮೇಜನ್ನು ಬಿಟ್ಟು ಲೋಕಕ್ಕೆ ಇಳಿದಾಗ ಬಂದುವು.

1801ರ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಜನರನ್ನು ಹೊತ್ತ ಆತನ ಉಗಿಬಂಡಿಯು ಕ್ಯಾಂಬೋರ್ನಿನ ಏರುದಾರಿಯನ್ನು ತಾನಾಗಿಯೇ ಏರಿತು. ಕೆಲವೇ ದಿನಗಳಲ್ಲಿ ಅದು ದಾರಿಯಲ್ಲಿ ಕೆಟ್ಟು ನಿಂತಾಗ, ಅದನ್ನು ಒಂದು ಮಾಡಿನೊಳಗೆ ತಳ್ಳಿ ಗೆಳೆಯರೆಲ್ಲ ಊಟಕ್ಕೆ ಹೋದರು. ಬೆಂಕಿಯನ್ನು ಆರಿಸುವುದನ್ನು ಮರೆತಿದ್ದರು. ಬಾಯ್ಲರಿನ ನೀರು ಬತ್ತಿ, ಬಂಡಿಯೂ ಮಾಡೂ ಸುಟ್ಟು ಹೋದುವು. 1802ರಲ್ಲಿ ಬಂಧುವಾದ ಆಂಡ್ರ್ಯೂ ವಿವಿಯನ್ನನೊಡನೆ ಏಕಸ್ವಾಮ್ಯದ ಹಕ್ಕನ್ನು ಪಡೆದನು. 1803ರಲ್ಲಿ ರಾಜಧಾನಿಗೇ ತೋರಿಸುವ ಮನಸ್ಸಾಯಿತು. ಕಾರ್ನ್‌ವಾಲಿನಲ್ಲಿ ಮಾಡಿದ ಎಂಜಿನನ್ನು ಹಡಗಿನಲ್ಲಿ ಲಂಡನ್ನಿಗೆ ಸಾಗಿಸಿ, ಅಲ್ಲಿಯ ಗಾಡಿ ಕಟ್ಟುವವನೊಬ್ಬನ ಕಾರ್ಖಾನೆಯಲ್ಲಿ ಅದಕ್ಕೆ ಗಾಡಿಯ ಒಡಲನ್ನು ಜೋಡಿಸಿದರು. ಅದು ಪಟ್ಟಣದ ಬೀದಿಗಳಲ್ಲಿ ಓಡಿತು. ಆದರೆ ಅಂದಿನ ಒರಟು ಬೀದಿಗಳ ಮೇಲೆ ಅದರ ಕುಲುಕಾಟವು ಸಹಿಸಲಸದಳವಾಗಿತ್ತು. ಕುದುರೆಗಾಡಿಗಿಂತ ವೆಚ್ಚವೂ ಹೆಚ್ಚು. ಕೊಳ್ಳುವವರಿಲ್ಲದೆ ಬಂಡಿಯನ್ನು ಕಳಚಿದರು. ಅದೇ ವರ್ಷ ಗ್ರೀನಿಚ್ಚಿನಲ್ಲಿ ಆತನ ಬಾಯ್ಲರೊಂದು ಸಿಡಿದು ಕೆಲಸಗಾರರು ಸತ್ತರು. ಹೆಚ್ಚಿನ ಒತ್ತಡದ ಉಗಿಯು ಅಪಾಯವೆಂದು ಸಾರಲು ವಾಟ್‌ನ ಪಕ್ಷದವರಿಗೆ ಇದು ಸಾಕಾಯಿತು. ಟ್ರೆವಿಥಿಕ್‌ನು ಬಾಯ್ಲರಿಗೆ ಎರಡು ರಕ್ಷಣೆಯ ಕವಾಟಗಳನ್ನೂ ನೀರು ಬತ್ತಿದರೆ ಕರಗಿ ಉಗಿಯನ್ನು ಹೊರಬಿಡುವ ಸೀಸದ ಬೆಣೆಯನ್ನೂ ಅಳವಡಿಸಿ, ತನ್ನ ದಾರಿಯನ್ನು ಬಿಡದೆ ನಡೆದನು.

ಬೀದಿಯು ಒಗ್ಗದಿದ್ದರೆ ಹಳಿಯಾದರೂ ಒಗ್ಗೀತು. ಗಣಿಗಳಲ್ಲಿ ಕುದುರೆಗಳು ಎಳೆಯುವ ಬಂಡಿಗಳಿಗಾಗಿ ಎರಕದ ಕಬ್ಬಿಣದ ಹಳಿಗಳನ್ನು ಹಾಸುವ ಪದ್ಧತಿ ಆಗಲೇ ಇತ್ತು. ದಕ್ಷಿಣ ವೇಲ್ಸಿನ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯ ಒಡೆಯನಾದ ಹಾಮ್‌ಫ್ರೆಯು, ಹತ್ತು ಟನ್ ಕಬ್ಬಿಣವನ್ನು ಉಗಿಬಂಡಿ ಎಳೆಯಬಲ್ಲದೆಂದು 500 ಗಿನಿಗಳ ಪಂತವನ್ನೇ ಕಟ್ಟಿದನು. 1804ರ ಫೆಬ್ರವರಿ 21ರಂದು ಟ್ರೆವಿಥಿಕ್‌ನ ಎಂಜಿನು ಹತ್ತು ಟನ್ ಕಬ್ಬಿಣವನ್ನೂ ಐದು ಬಂಡಿಗಳನ್ನೂ ಸುಮಾರು 70 ಜನರನ್ನೂ ಎಳೆದುಕೊಂಡು, ಒಂಬತ್ತು ಮೈಲಿಗೂ ಮಿಕ್ಕ ದಾರಿಯನ್ನು ನಾಲ್ಕು ಗಂಟೆಗಳಲ್ಲಿ ಕ್ರಮಿಸಿತು. ಉಗಿಯು ಗೆದ್ದಿತು, ಆದರೆ ಹಳಿಗಳು ಸೋತುವು. ಕುದುರೆಯ ಬಂಡಿಗೆಂದು ಹಾಸಿದ್ದ, ಬಾಗಲರಿಯದ ಎರಕದ ಹಳಿಗಳು ಎಂಜಿನಿನ ಭಾರಕ್ಕೆ ಮುರಿಯುತ್ತ ಬಂದುವು. ಕೊನೆಗೆ ಆ ಎಂಜಿನನ್ನು ಗಾಲಿಗಳಿಂದಿಳಿಸಿ ಒಂದೆಡೆ ನಿಲ್ಲಿಸಿ ಬೇರೆ ಕೆಲಸಕ್ಕೆ ಹಚ್ಚಿದರು.

ನಾಲ್ಕು ವರ್ಷಗಳ ಮೇಲೆ, 1808ರಲ್ಲಿ, ಟ್ರೆವಿಥಿಕ್‌ನು ತನ್ನ ಜೀವನದ ದೊಡ್ಡ ಪ್ರದರ್ಶನಕ್ಕೆ ಕೈಹಾಕಿದನು. ಈಗ ಯೂಸ್ಟನ್ ನಿಲ್ದಾಣವಿರುವ ಜಾಗಕ್ಕೆ ತುಸು ದಕ್ಷಿಣದ ಬಯಲಿನಲ್ಲಿ ದುಂಡಗೆ ಹಳಿಯನ್ನು ಹಾಸಿ, ಸುತ್ತಲೂ ಎತ್ತರವಾದ ಮರದ ಬೇಲಿಯನ್ನು ಕಟ್ಟಿಸಿದನು. ಎಂಜಿನು ದೂರದ ಬ್ರಿಜ್‌ನಾರ್ತ್ ಊರಿನಲ್ಲಿ ಸಿದ್ಧವಾಗಿ ಬಂದಿತು. ಕೈಲಾದರೆ ಹಿಡಿ ನೋಡೋಣವೆಂದು ಸವಾಲು ಹಾಕುವ ಹೆಸರೊಂದನ್ನು ಅದಕ್ಕೆ ಇಟ್ಟವಳು ಗಿಲ್ಬರ್ಟ್‌ನ ತಂಗಿಯೆಂದು ಹೇಳುತ್ತಾರೆ. ಪ್ರವೇಶಕ್ಕೆ ಒಂದು ಷಿಲಿಂಗು; ಧೈರ್ಯವುಳ್ಳವರು ಹಿಂದಿನ ಗಾಡಿಯಲ್ಲಿ ಕುಳಿತು ಸುತ್ತು ಬರಬಹುದಾಗಿತ್ತು. ಹಣವನ್ನು ತೆತ್ತ ಪ್ರಯಾಣಿಕರನ್ನು ಹಳಿಯ ಮೇಲೆ ಉಗಿಯ ಬಲದಿಂದ ಒಯ್ದ ಮೊದಲ ಬಂಡಿಯೆಂದು ಚರಿತ್ರಕಾರರು ಇದನ್ನೇ ಎಣಿಸುತ್ತಾರೆ.

ಸಿದ್ಧತೆಯ ಕಾಲದಲ್ಲಿಯೇ ನೆಲವು ತನ್ನ ಗುಣವನ್ನು ತೋರಿತು. ಸುಮಾರು ಎಂಟು ಟನ್ ತೂಕದ ಎಂಜಿನು ಮೆತ್ತಗಿನ ಮಣ್ಣಿನ ಮೇಲೆ ಹಾಸಿದ್ದ ಹಳಿಯನ್ನು ಕುಸಿಯುವಂತೆ ಮಾಡಿತು. ಟ್ರೆವಿಥಿಕ್‌ನು ಹಾಸಿದುದನ್ನೆಲ್ಲ ಎಬ್ಬಿಸಿ, ಅಡಿಯಲ್ಲಿ ದಪ್ಪನೆಯ ತೊಲೆಗಳನ್ನು ಕೂರಿಸಿ, ಮತ್ತೆ ಹಳಿ ಹಾಸಿದನು. ಕೈಯಲ್ಲಿದ್ದ ಹಣವು ಹೀಗೆ ಮಣ್ಣಿನ ಕೆಳಗೆ ಹೋಯಿತು. ಬಂಡಿ ಕೆಲವು ವಾರ ಓಡಿತು. ಜನ ಬಂದರಾದರೂ ಆತನು ನೆಚ್ಚಿದಷ್ಟು ಬರಲಿಲ್ಲ. ಒಂದು ದಿನ ಹಳಿ ಮುರಿದು ಎಂಜಿನು ಪಕ್ಕಕ್ಕೆ ಉರುಳಿತು. ಅದನ್ನು ಎತ್ತಿ ನಿಲ್ಲಿಸಿ ಮತ್ತೆ ಹಳಿ ಹಾಸಲು ಹಣವೂ ಉಳಿದಿರಲಿಲ್ಲ, ಮನಸ್ಸೂ ಉಳಿದಿರಲಿಲ್ಲ. ಆಮೇಲೆ ಆತನು ರೈಲಿನ ಎಂಜಿನನ್ನು ಕಟ್ಟಲೇ ಇಲ್ಲ.

ಇಂದು ಚಿಕ್ಕ ರೈಲುಗಳ ಮಾದರಿ ಜಾಲವನ್ನು ಊರಿಂದೂರಿಗೆ ಪ್ರದರ್ಶನಕ್ಕೊಯ್ಯುವ ಹವ್ಯಾಸಿಗಳ ಕ್ರಮವನ್ನು ನೋಡಿದರೆ ಈ ಸೋಲಿನ ಅರ್ಥ ತಿಳಿಯುತ್ತದೆ. ಅವರು ಹಳಿಯನ್ನು ಬಿಡಿಬಿಡಿ ಹಲಗೆಗಳ ಮೇಲೆ ಶಾಶ್ವತವಾಗಿ ಕೂರಿಸಿರುತ್ತಾರೆ. ಹಲಗೆಗಳ ತುದಿಗಳು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪದಂತೆ ಕೂಡಬೇಕು. ಪ್ರತಿಯೊಂದು ಕಾಲಿಗೂ ಎತ್ತರವನ್ನು ಹೊಂದಿಸುವ ತಿರುಪು ಇರುತ್ತದೆ. ಪ್ರದರ್ಶನದ ಅಂಗಳಕ್ಕೆ ಹೋದೊಡನೆ ಅವರು ಮೊದಲು ತೆಗೆಯುವುದು ಎಂಜಿನನ್ನಲ್ಲ, ಮಟ್ಟದ ಕೋಲನ್ನು. ತಮ್ಮ ನೆಲವನ್ನು ಅವರು ತಾವೇ ಹೊತ್ತೊಯ್ಯುತ್ತಾರೆ. ಟ್ರೆವಿಥಿಕ್‌ನಿಗೆ ಆ ಅನುಕೂಲವಿರಲಿಲ್ಲ. ಆತನ ಯಂತ್ರವು ಹುಟ್ಟಿದಾಗ ಅದನ್ನು ತಾಳಬಲ್ಲ ಹಳಿಯು ಲೋಕದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಥೇಮ್ಸ್ ನದಿಯ ಅಡಿಯಲ್ಲಿ ಆತನು ಕೊರೆಯಿಸುತ್ತಿದ್ದ ಸುರಂಗಕ್ಕೆ ನೀರು ನುಗ್ಗಿ ಆ ಕೆಲಸವು ನಿಂತಿತು. 1810ರಲ್ಲಿ ವಿಷಮಜ್ವರವು ಆತನನ್ನು ಮಲಗಿಸಿತು; 1811ರಲ್ಲಿ ಆತನು ದಿವಾಳಿಯಾದನು. ಅದೇ ಹೊತ್ತಿಗೆ ಅದೃಷ್ಟವು ಅನಿರೀಕ್ಷಿತವಾದ ದಿಕ್ಕಿನಿಂದ ಬಂದಿತು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಸುಮಾರು 14,000 ಅಡಿ ಎತ್ತರದ ಸೆರ್ರೊ ದೆ ಪಾಸ್ಕೊ ಎಂಬಲ್ಲಿಯ ಬೆಳ್ಳಿಯ ಗಣಿಗಳಲ್ಲಿ ನೀರು ತುಂಬಿತ್ತು. ಉಗಿಯಂತ್ರವನ್ನು ಹುಡುಕಿಕೊಂಡು ಲಂಡನ್ನಿಗೆ ಬಂದ ಫ್ರಾನ್ಸಿಸ್ಕೋ ಊವಿಲ್‌ನಿಗೆ ವಾಟ್‌ನ ಕಂಪನಿಯು ನಿರಾಶೆಯ ಉತ್ತರವನ್ನೇ ಕೊಟ್ಟಿತು: ಬೆಟ್ಟದ ಕಾಲುದಾರಿಯಲ್ಲಿ ಸಾಗಿಸುವಷ್ಟು ಹಗುರವಾದ ಯಂತ್ರವು ಸಾಧ್ಯವಿಲ್ಲ, ಸಾಗಿಸಿದರೂ ಅಲ್ಲಿಯ ತೆಳುವಾದ ಗಾಳಿಯಲ್ಲಿ ಅದು ನಡೆಯದು. ಹಿಂತಿರುಗುವ ಮೊದಲು ಊವಿಲ್‌ನು ಅಂಗಡಿಯೊಂದರ ಕಿಟಕಿಯಲ್ಲಿ ಟ್ರೆವಿಥಿಕ್‌ನ ಯಂತ್ರದ ಮಾದರಿಯೊಂದನ್ನು ಕಂಡು, 20 ಗಿನಿಗಳಿಗೆ ಕೊಂಡು, ಹಡಗಿನಲ್ಲಿಯೂ ಹೇಸರಗತ್ತೆಗಳ ದಾರಿಯಲ್ಲಿಯೂ ಒಯ್ದು ಆ ಎತ್ತರದಲ್ಲಿ ಉರಿಯೊಡ್ಡಿ ನೋಡಿದನು. ಮಾದರಿ ನಡೆಯಿತು. ನಿರ್ವಾತವನ್ನು ನೆಚ್ಚದೆ ತನ್ನ ಉಗಿಯ ಬಲವನ್ನೇ ನೆಚ್ಚಿದ ಯಂತ್ರಕ್ಕೆ ತೆಳುವಾದ ಗಾಳಿಯು ತೊಡಕಾಗಲಿಲ್ಲ.

ರಾಜಧಾನಿಯ ಬಯಲಿನಲ್ಲಿ ಎಂಟು ಟನ್ನಿನ ಎಂಜಿನು ಗೆಲ್ಲಲಾರದುದನ್ನು ಕೈಯಲ್ಲಿ ಹೊರಬಹುದಾದ ಮಾದರಿಯು ಸಾಗರದಾಚೆ ಗೆದ್ದಿತು. ಊವಿಲ್‌ನು ಮರಳಿ ಬಂದು ಒಂಬತ್ತು ಯಂತ್ರಗಳನ್ನು ಮಾಡಿಸಿದನು. ಹೇಸರಗತ್ತೆಗಳು ಹೊರುವಂತೆ ಬಿಡಿಬಿಡಿಯಾಗಿ ಕಳಚುವ ಹಾಗೆ ಅವನ್ನು ರಚಿಸಿ, 1814ರ ಸೆಪ್ಟೆಂಬರಿನಲ್ಲಿ ಹಡಗಿಗೇರಿಸಿದರು. 1816ರ ಅಕ್ಟೋಬರಿನಲ್ಲಿ ಟ್ರೆವಿಥಿಕ್‌ನೂ ಹೊರಟನು. ಪೆರುವಿನಲ್ಲಿ ಆತನಿಗೆ ದೊಡ್ಡ ಸ್ವಾಗತ ದೊರೆಯಿತು. ಆದರೆ ಸ್ಪೇನಿನ ವಿರುದ್ಧ ನಡೆದ ಸ್ವಾತಂತ್ರ್ಯಸಮರದಲ್ಲಿ ಗಣಿಗಳೂ ಯಂತ್ರಗಳೂ ಹಾಳಾದುವು. ಇತ್ತ ಜೇನಳು ಆರು ಮಕ್ಕಳನ್ನು ಕಟ್ಟಿಕೊಂಡು, ತವರಿನವರ ನೆರವಿನಿಂದ ಹೇಲ್‌ನಲ್ಲಿ ವಸತಿಗೃಹವೊಂದನ್ನು ನಡೆಸಿ, ಹನ್ನೊಂದು ವರ್ಷ ಸಂಸಾರವನ್ನು ಸಾಗಿಸಿದಳು. ಮಧ್ಯ ಅಮೆರಿಕದ ಕಾಡುಗಳನ್ನು ಕಾಲ್ನಡೆಯಲ್ಲಿ ದಾಟಿ ಬರಿಗೈಯಾಗಿ ಕಾರ್ತಹೇನಾ ರೇವಿಗೆ ಬಂದ ಟ್ರೆವಿಥಿಕ್‌ನಿಗೆ ಅಲ್ಲಿ ಭೇಟಿಯಾದವನು ಜಾರ್ಜ್ ಸ್ಟೀಫನ್‌ಸನ್ನನ ಮಗ ರಾಬರ್ಟ್. ಆತನಿತ್ತ 50 ಪೌಂಡುಗಳಿಂದ 1827ರಲ್ಲಿ ಟ್ರೆವಿಥಿಕ್‌ನು ಊರು ಸೇರಿದನು.

ಅಷ್ಟರಲ್ಲಿ ಹಳಿಯ ಸಮಸ್ಯೆಯು ಪರಿಹಾರವಾಗಿತ್ತು. 1820ರಲ್ಲಿ ಜಾನ್ ಬರ್ಕಿನ್‌ಷಾ ಎಂಬವನು ಮೆತುಕಬ್ಬಿಣವನ್ನು ಉರುಳೆಗಳ ನಡುವೆ ಹಾಯಿಸಿ, ಭಾರಕ್ಕೆ ಮುರಿಯದ ಉದ್ದನೆಯ ಹಳಿಗಳನ್ನು ಮಾಡುವ ಕ್ರಮವನ್ನು ಕಂಡುಹಿಡಿದನು. 1825ರಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ಮಾರ್ಗದಲ್ಲಿ ಸ್ಟೀಫನ್‌ಸನ್ನನ ಎಂಜಿನು ಅಂಥ ಹಳಿಗಳ ಮೇಲೆ ಓಡಿತು. ಟ್ರೆವಿಥಿಕ್‌ನು ಪಾರ್ಲಿಮೆಂಟಿಗೆ ಸಲ್ಲಿಸಿದ ಮನವಿಗೆ ಯಾವ ಫಲವೂ ಬರಲಿಲ್ಲ. 1833ರ ಏಪ್ರಿಲ್ 22ರಂದು ಡಾರ್ಟ್‌ಫರ್ಡಿನ ವಸತಿಗೃಹವೊಂದರಲ್ಲಿ ಆತನು ತೀರಿಕೊಂಡಾಗ ಕೈಯಲ್ಲಿ ಕಾಸಿರಲಿಲ್ಲ. ಅಲ್ಲಿಯ ಕಾರ್ಖಾನೆಯ ಕೆಲಸಗಾರರೇ ಹಣ ಕೂಡಿಸಿ ಆತನನ್ನು ಮಣ್ಣು ಮಾಡಿದರು. ಗೋರಿಯ ಮೇಲೆ ಗುರುತಿನ ಕಲ್ಲನ್ನೂ ನೆಡಲಿಲ್ಲ.

ದುಂಡನೆಯ ಹಳಿಯ ಕಲ್ಪನೆಯು ಮಾತ್ರ ಸಾಯಲಿಲ್ಲ. 1854ರಲ್ಲಿ ಅಮೆರಿಕದ ನೌಕಾಧಿಪತಿ ಪೆರಿಯು ನಾಲ್ಕನೆಯ ಒಂದು ಗಾತ್ರದ ಉಗಿರೈಲನ್ನು ಹಳಿಸಮೇತ ಹಡಗಿನಲ್ಲಿ ಜಪಾನಿಗೆ ಕೊಂಡೊಯ್ದು, ಯೊಕೊಹಾಮದಲ್ಲಿ ವರ್ತುಲವಾಗಿ ಹಾಸಿ ಓಡಿಸಿದನು. ಪುಟ್ಟ ಗಾಡಿಯೊಳಗೆ ಕೂರಲಾಗದೆ ಜಪಾನಿನ ಅಧಿಕಾರಿಯೊಬ್ಬನು ಅದರ ಮೇಲ್ಛಾವಣಿಯ ಮೇಲೆಯೇ ಕುಳಿತು ಸುತ್ತು ಬಂದನು. ಅದೇ ಜಪಾನಿನಲ್ಲಿ 1893ರಲ್ಲಿ ಕಟ್ಟಿದ ಮೊದಲ ದೇಶೀಯ ಎಂಜಿನಿನ ಕೆಲಸವನ್ನು ನಡೆಸಿಕೊಟ್ಟವನು ಟ್ರೆವಿಥಿಕ್‌ನ ಮೊಮ್ಮಗ.

ಕ್ಯಾಂಬೋರ್ನಿನ ಜನ 1932ರಲ್ಲಿ ತಮ್ಮೂರಿನಲ್ಲಿ ಆತನ ಪ್ರತಿಮೆಯನ್ನು ನಿಲ್ಲಿಸಿದರು. ಗಣಿಗಳನ್ನು ಬರಿದುಮಾಡಿದ ಮಹಾಯಂತ್ರಗಳಾಗಲಿ, ಲಂಡನ್ನಿನ ಬಯಲಿನಲ್ಲಿ ಉರುಳಿದ ಎಂಜಿನಾಗಲಿ ಅಲ್ಲಿಲ್ಲ. ಆಳೆತ್ತರದ ಆ ಮೂರ್ತಿಯ ಕೈಯಲ್ಲಿರುವುದು ಮೇಜಿನ ಮೇಲೆ ಓಡಾಡುವಷ್ಟು ಚಿಕ್ಕದಾದ ಒಂದು ಮಾದರಿ ಬಂಡಿ.